ಬೂದಿಯ ಅಂಗಾಲಿನ ಎರಡು ಹನಿ

ಫೆಬ್ರವರಿ 21, 2024, ಬುಧವಾರ. ರಾತ್ರಿ 10.10

ಲೆಕ್ಕ ಮೊದಲು ಬರೆದುಬಿಡುತ್ತೇನೆ. ಇವತ್ತು ಯಾರೂ ಕರೆಯದೆ, ಯಾರೂ ಅಳದೆ, ಯಾರೂ ಬೊಗಳದೆ ಒಂದೇ ಸಮನೆ ಓದಿದ ಅತಿ ಉದ್ದದ ಹೊತ್ತು 23 ನಿಮಿಷ. ನಿನ್ನೆ ಹಗಲು 14. ಮೊನ್ನೆ 19. ಪಠ್ಯಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆದಿಡುತ್ತಾ ಬಂದಿದ್ದೇನೆ. ನಿನ್ನೆ ರಾತ್ರಿಯದನ್ನು ಮಾತ್ರ ಎಲ್ಲಿ ಸೇರಿಸುವುದು ಅಂತ ಗೊತ್ತಾಗುತ್ತಿಲ್ಲ.

ಬರೆದಿಡಲು ಶುರು ಮಾಡಿದ್ದು ಸಿಟ್ಟಿಗೆ. ಹೋದ ತಿಂಗಳು ಕ್ಲಾಸಿನ ಒಬ್ಬಳು, "ನೀನು ಹೇಗೂ ಮನೇಲೇ ಇರ್ತೀಯಲ್ಲ, ಓದೋಕೆ ಬೇಕಾದಷ್ಟು ಟೈಮ್ ಸಿಗುತ್ತೆ ಬಿಡು" ಅಂದಳು. ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಎಲ್ಲ ಚಿಲ್ಲರೆಯಾಗಿ ಸಿಗುತ್ತದೆ. ಆರು ನಿಮಿಷ, ಒಂಬತ್ತು ನಿಮಿಷ, ಅಕ್ಕನ ಮಗಳು ಪುಟ್ಟಿ, ಚಪ್ಪಲಿ ಜೋಡಿಸುವುದರಲ್ಲಿ ಮೈಮರೆತರೆ ಹನ್ನೊಂದು. ಪೊಮೊಡೊರೊ ಅಂತ ಒಂದು ಪದ್ಧತಿ ಇದೆಯಲ್ಲ, 25 ನಿಮಿಷ ಓದು, 5 ನಿಮಿಷ ಬಿಡುವು ಅಂತ. ಅದನ್ನು ಹುಡುಕಿದವರ ಮನೆಯಲ್ಲಿ ಎರಡೂವರೆ ವರ್ಷದ ಮಗು ಇರಲಿಲ್ಲ ಅಂತ ನನ್ನ ಗುಮಾನಿ.

ಅಕ್ಕನಿಗೆ ಈ ತಿಂಗಳು ಪೂರ್ತಿ ನೈಟ್ ಡ್ಯೂಟಿ. ಭಾವ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದಾರೆ. ಹಾಗಾಗಿ ಸಂಜೆ ಏಳರಿಂದ ಬೆಳಿಗ್ಗೆ ಎಂಟೂವರೆವರೆಗೆ ಪುಟ್ಟಿ ನನ್ನ ಪಾಲಿಗೆ. (ಅಕ್ಕ ಬಂದು ಮಲಗಿದ ಮೇಲೆ ಮಧ್ಯಾಹ್ನದವರೆಗೂ ನನ್ನ ಪಾಲಿಗೇ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.) ಜೊತೆಗೆ ಗುಂಡ ಇದ್ದಾನೆ, ಒಂಬತ್ತು ವರ್ಷದ ನಾಯಿ, ಅವನಿಗೆ ಫಿಟ್ಸ್ ಬರುತ್ತದೆ. ಬೂದಿ ಇದ್ದಾಳೆ, ಬೆಕ್ಕು. ಅವಳಿಗೆ ಯಾವ ಕಾಯಿಲೆಯೂ ಇಲ್ಲ, ಅಹಂಕಾರ ಮಾತ್ರ ಜಾಸ್ತಿ. ನಾನು ಫಾರ್ಮಸಿ ಓದುತ್ತಿದ್ದೇನೆ. ಶುಕ್ರವಾರ ಫಾರ್ಮಕಾಲಜಿ ಪರೀಕ್ಷೆ.

ಫ್ರಿಜ್ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ಮೂರು ಕಾಲಂ. ಮೊದಲನೆಯದು ಗುಂಡನದು: ಬೆಳಿಗ್ಗೆ ಏಳು, ಸಂಜೆ ಏಳು, ಫಿನೋಬಾರ್ಬಿಟಲ್ ಮಾತ್ರೆ. ಇದನ್ನು ತಪ್ಪಿಸುವ ಹಾಗಿಲ್ಲ. ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು. ಎರಡನೆಯದು ಪುಟ್ಟಿಯದು. ಭಾನುವಾರದಿಂದ ಅವಳಿಗೆ ಜ್ವರ, ಪ್ಯಾರಾಸಿಟಮಾಲ್ ಸಿರಪ್. ಆರು ಗಂಟೆಗೊಮ್ಮೆ, ಅದೂ ಜ್ವರ ಇದ್ದರೆ ಮಾತ್ರ, ದಿನಕ್ಕೆ ನಾಲ್ಕು ಸಲ ಮೀರಬಾರದು ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಮೂರನೆಯದು ನನ್ನದು, ಮುಗಿಸಿದ ಪಾಠಗಳು. ಮೊದಲ ಎರಡು ಕಾಲಂ ತುಂಬಿ ತುಳುಕುತ್ತಿವೆ. ಮೂರನೆಯದರಲ್ಲಿ ಪುಟ್ಟಿ ಕ್ರೆಯಾನ್‌ನಿಂದ ಒಂದು ಸೂರ್ಯ ಬರೆದಿದ್ದಾಳೆ. ಜಾಗ ಖಾಲಿ ಇತ್ತಲ್ಲ.

ಗುಂಡನಿಗೆ ಮಾತ್ರೆ ಕೊಡುವುದೇ ಒಂದು ಕಲೆ. ಅವನಿಗೆ ಇಷ್ಟವಾದ ಯಾವುದಾದರೂ ಮೆತ್ತಗಿನ ಉಂಡೆಯೊಳಗೆ ಮಾತ್ರೆ ಹುದುಗಿಸಿ ಕೊಡುತ್ತೇನೆ. ಅವನು ಉಂಡೆಯನ್ನು ನಿಧಾನಕ್ಕೆ, ಮರ್ಯಾದಸ್ಥನ ಹಾಗೆ ತಿನ್ನುತ್ತಾನೆ. ಆಮೇಲೆ ಮಾತ್ರೆಯನ್ನು ನನ್ನ ಕಾಲ ಬಳಿ ಉಗುಳುತ್ತಾನೆ, ಚೊಕ್ಕಟವಾಗಿ, ಒಂದು ಮೂಲೆಯೂ ಕರಗದ ಹಾಗೆ. ಈಗ ನಾನು ಮೂರು ಉಂಡೆ ಮಾಡುತ್ತೇನೆ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದನ್ನು ಮೂಗಿನ ಮುಂದೆ ಹಿಡಿದಿರುತ್ತೇನೆ. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತಾನೆ. ಪಾಪ ಅನ್ನಿಸುತ್ತದೆ, ಆದರೆ ಕೆಲಸ ಆಗುತ್ತದೆ.

ನಿನ್ನೆ ರಾತ್ರಿ ಒಂದೂ ನಲವತ್ತಕ್ಕೆ ಪುಟ್ಟಿ ನರಳಿದ್ದು ಕೇಳಿ ಎದ್ದೆ. ಮೈ ಕೆಂಡ. ಥರ್ಮಾಮೀಟರ್ 102 ತೋರಿಸಿತು. ಹಿಂದಿನ ಡೋಸ್ ಸಂಜೆ ಏಳೂವರೆಗೆ, ಆರು ಗಂಟೆ ಕಳೆದಿದೆ. ಸರಿ ಅಂತ ಬಾಟಲಿ ತೆಗೆದೆ. ಈ ಸಿರಪ್‌ನಲ್ಲಿ ಎರಡು ತರ ಇರುತ್ತವೆ. ಒಂದರಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ., ಇನ್ನೊಂದರಲ್ಲಿ ಅಷ್ಟೇ ಸಿರಪ್‌ಗೆ 250 ಮಿ.ಗ್ರಾಂ. ಡಬ್ಬಿ ಒಂದೇ ಬಣ್ಣ, ಬಾಟಲಿ ಒಂದೇ ಗಾತ್ರ. ನಿದ್ದೆಗಣ್ಣಲ್ಲಿ ಅದಲುಬದಲಾದರೆ ಮಗುವಿಗೆ ಎರಡು ಪಟ್ಟು ಔಷಧಿ ಹೋಗುತ್ತದೆ. ಹಾಗಾಗಿ ಮೊಬೈಲ್ ಟಾರ್ಚ್ ಹಾಕಿ ಲೇಬಲ್ ಎರಡು ಸಲ ಓದುವುದು ನನ್ನ ಅಭ್ಯಾಸ. 120ರದ್ದೇ. ಸಿರಿಂಜಿಗೆ 7 ಮಿ.ಲೀ. ಎಳೆದೆ.

"ಚಿಕ್ಕಿ, ಬೇಡ."

"ಒಂದೇ ಗುಟುಕು ಕಂದ."

"ಬೂದಿಗೆ ಕೊಡು."

ಅಷ್ಟು ಹೇಳಿ ಕೈ ತಳ್ಳಿದಳು. ಅರ್ಧ ಬಾಯಿಗೆ ಹೋಯಿತು. ಉಳಿದಿದ್ದು ಹಾಸಿಗೆ ಅಂಚಿಗೆ, ಅಲ್ಲಿಂದ ನೆಲಕ್ಕೆ. ಹೋದದ್ದೆಷ್ಟು, ಚೆಲ್ಲಿದ್ದೆಷ್ಟು ಗೊತ್ತಿಲ್ಲದಾಗ ಮತ್ತೆ ಪೂರ್ತಿ ಡೋಸ್ ಕೊಡಬಾರದು. ಅಷ್ಟು ನೆನಪಿತ್ತು. ತೆಳ್ಳಗಿನ ಬಟ್ಟೆ ತೊಡಿಸಿ, ನೀರು ಕುಡಿಸಿ ಮಲಗಿಸಿದರಾಯಿತು ಅಂದುಕೊಂಡು ಬಗ್ಗಿದೆ. ಬೂದಿ ಆ ಜಿಗುಟಿನ ಮೇಲೆ ನಿಂತಿದ್ದಳು. ಬಲ ಮುಂಗಾಲನ್ನು ಎತ್ತಿ, ಒಮ್ಮೆ ಕೊಡವಿ, ಬಾಯಿಯ ಹತ್ತಿರ ತಂದಳು.

ನಾನು ಯಾವತ್ತೂ ಅಷ್ಟು ಬೇಗ ಹಾರಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ. ಅತಿಯಾದರೆ ವಿಷ ಅಂತಲ್ಲ, ನಾವು ತಲೆನೋವಿಗೆ ನುಂಗುವ ಒಂದೇ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು. ಮಗುವಿಗೆ ಕೊಡುವ ಸಿರಪ್‌ನಲ್ಲಿರುವುದೂ ಅದೇ. ಮನೆಯಲ್ಲಿ ಮಗುವೂ ಬೆಕ್ಕೂ ಇರುವ ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ನನಗೂ ಹೋದ ವರ್ಷದವರೆಗೆ ಗೊತ್ತಿರಲಿಲ್ಲ.

ಒಂದು ಕಂಕುಳಲ್ಲಿ ಬೂದಿ, ಇನ್ನೊಂದು ಕೈಯಲ್ಲಿ ಫೋನ್. ರಾತ್ರಿ ಹೊತ್ತು ಸಿಗುವ ಪ್ರಾಣಿ ವೈದ್ಯರ ನಂಬರ್ ಗುಂಡನ ದೆಸೆಯಿಂದ ಬಾಯಿಪಾಠ.

"ನೆಕ್ಕಿದ್ದನ್ನ ನೋಡಿದ್ರಾ?"

"ಇಲ್ಲ ಡಾಕ್ಟ್ರೇ. ಬಾಯಿ ಹತ್ರ ತಂದ್ಲು, ಅಷ್ಟರಲ್ಲಿ ಹಿಡ್ಕೊಂಡೆ."

"ಖಂಡಿತಾನಾ? ಸ್ವಲ್ಪ ಅನುಮಾನ ಇದ್ರೂ ಈಗ್ಲೇ ಕರ್ಕೊಂಡು ಬನ್ನಿ, ಲಕ್ಷಣ ಕಾಣ್ಲಿ ಅಂತ ಕಾಯ್ಬೇಡಿ."

ಖಂಡಿತಾನಾ? ಜ್ವರದ ಮಗುವನ್ನು ಎತ್ತಿಕೊಂಡು, ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡು ರಾತ್ರಿ ಎರಡು ಗಂಟೆಗೆ ಹೊರಡುವುದನ್ನು ಒಂದು ಕ್ಷಣ ಕಣ್ಮುಂದೆ ತಂದುಕೊಂಡೆ. ಅದಕ್ಕೆ ಹೆದರಿ ಸುಳ್ಳು ಹೇಳುತ್ತಿಲ್ಲ ತಾನೇ ಅಂತ ನನ್ನನ್ನೇ ಕೇಳಿಕೊಂಡೆ. ಬೂದಿಯ ಅಂಗಾಲು ತಿರುಗಿಸಿ ನೋಡಿದೆ. ಗುಲಾಬಿ ಮೆತ್ತೆಗಳ ನಡುವೆ ಕೂದಲಿಗೆ ಅಂಟಿಕೊಂಡು ಎರಡು ಹನಿ ಹಾಗೇ ಉಬ್ಬಿ ನಿಂತಿದ್ದವು. ನಾಲಿಗೆ ತಾಗಿದ್ದರೆ ಹಾಗೆ ನಿಲ್ಲುತ್ತಿರಲಿಲ್ಲ. "ಖಂಡಿತ" ಅಂದೆ.

ಸೋಪು ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ, ನೆಲ ಒರೆಸಿ, ಬೆಳಗಿನವರೆಗೆ ವಸಡಿನ ಬಣ್ಣ ನೋಡುತ್ತಿರಿ ಅಂದರು. ಗುಲಾಬಿ ಇದ್ದರೆ ಸರಿ. ಕಂದು ಅಥವಾ ನೀಲಿಗೆ ತಿರುಗಿದರೆ, ಮುಖವೋ ಪಾದವೋ ಊದಿಕೊಂಡರೆ, ಏದುಸಿರು ಬಿಟ್ಟರೆ ತಕ್ಷಣ ಹೊರಡಬೇಕು. ತೊಳೆಯುವ ಕಥೆ ಬರೆಯುವುದಿಲ್ಲ. ನನ್ನ ಎಡ ಮುಂಗೈಯಲ್ಲಿ ಏಳು ಗೀರುಗಳಿವೆ, ಅಷ್ಟು ಸಾಕು.

ಎರಡೂವರೆಗೆ ಪುಟ್ಟಿಯ ಮೈ ಬೆವರಿತು, ನಿದ್ದೆ ಹತ್ತಿತು. ಗುಂಡ ಗೊರಕೆ ಹೊಡೆಯುತ್ತಿದ್ದ. ಬೂದಿಯನ್ನು ಟವೆಲ್‌ನಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡೆ. ಮಲಗುವ ಹಾಗಿರಲಿಲ್ಲ, ಪುಸ್ತಕ ತೆಗೆದೆ. ಮೊದಲು ಲೆಕ್ಕ ಮಾಡಿದೆ. 5 ಮಿ.ಲೀ.ಗೆ 120 ಅಂದರೆ 1 ಮಿ.ಲೀ.ಗೆ 24. ಮಿ.ಲೀ.ಗೆ 20 ಹನಿ ಅಂತ ಹಿಡಿದರೆ ಒಂದು ಹನಿಯಲ್ಲಿ 1.2 ಮಿ.ಗ್ರಾಂ. ಎರಡು ಹನಿ 2.4. ಬೂದಿ 4 ಕೆ.ಜಿ. ಅಲ್ಲಿಗೆ ಕೆ.ಜಿ.ಗೆ 0.6. ಸಿರಪ್‌ನ ಹನಿ ದಪ್ಪ, ಎರಡು ಪಟ್ಟು ಅನ್ನೋಣ, 1.2. ಬೆಕ್ಕಿಗೆ ಕೆ.ಜಿ.ಗೆ 10 ಮಿ.ಗ್ರಾಂ.ನಷ್ಟು ಕಡಿಮೆ ಹೋದಾಗಲೂ ತೊಂದರೆ ಕಂಡದ್ದಿದೆ ಅಂತ ಓದಿದ್ದೆ. ಅದಕ್ಕಿಂತ ತುಂಬಾ ಕೆಳಗೆ. ಎದೆಬಡಿತ ಆಗ ಇಳಿಯಿತು. ಪರೀಕ್ಷೆಯಲ್ಲಿ ಡೋಸ್ ಲೆಕ್ಕ ತಪ್ಪುವುದು ನನ್ನ ಹುಟ್ಟುಗುಣ. ಒಂದೇ ಏಟಿಗೆ ಸರಿಯಾಗಿ ಮಾಡಿದ್ದು ಇದೇ ಮೊದಲು.

ಆಮೇಲೆ ಓದಿದ್ದು ಆ ಪಾಠವನ್ನೇ. ಮೂರು ವಾರದಿಂದ ಅದರ ಮೊದಲ ಪುಟ ದಾಟಿರಲಿಲ್ಲ. ನಾವು ನುಂಗಿದ ಔಷಧಿಯನ್ನು ಲಿವರ್ ಹೇಗೆ ಹೊರಗೆ ಕಳಿಸುತ್ತದೆ ಅನ್ನುವ ಪಾಠ. ಪ್ಯಾರಾಸಿಟಮಾಲ್ ನನ್ನಂಥ ದೊಡ್ಡವರ ಮೈಯಲ್ಲಿ ಹೆಚ್ಚಾಗಿ ಗ್ಲುಕುರೊನೈಡ್ ಆಗಿ, ಅಂದರೆ ಲಿವರ್ ಅದಕ್ಕೆ ಸಕ್ಕರೆಯಂಥದೊಂದು ತುಣುಕು ಅಂಟಿಸಿದ ರೂಪದಲ್ಲಿ ಹೋಗುತ್ತದೆ. ಪುಟ್ಟಿಯಂಥ ಚಿಕ್ಕವರಲ್ಲಿ ಆ ದಾರಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಅವರು ಹೆಚ್ಚಾಗಿ ಸಲ್ಫೇಟ್ ದಾರಿ ಹಿಡಿಯುತ್ತಾರೆ, ಅಲ್ಲಿ ಅಂಟುವುದು ಗಂಧಕದ ತುಣುಕು. ಬೂದಿಗೆ ಎರಡೂ ಕಷ್ಟ. ಗ್ಲುಕುರೊನೈಡ್ ಮಾಡಲು ಬೇಕಾದ ಯುಜಿಟಿ1ಎ6 ಅನ್ನುವ ಜೀನ್ ಬೆಕ್ಕಿನ ಜಾತಿಯಲ್ಲೇ ಕೆಟ್ಟು ಕೂತಿದೆ, ಸಲ್ಫೇಟ್ ಬೇಗ ತೀರಿಹೋಗುತ್ತದೆ. ಉಳಿದ ಔಷಧಿ ವಿಷವಾಗಿ ಕೆಂಪು ರಕ್ತಕಣಗಳ ಮೇಲೆ ಬೀಳುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದ ಮೆಟ್‌ಹಿಮೋಗ್ಲೋಬಿನ್ ಆಗುತ್ತದೆ, ಅದಕ್ಕೇ ವಸಡು ಕಂದಾಗುವುದು. ಇನ್ನು ಗುಂಡ. ಅವನ ಮಾತ್ರೆ ಲಿವರ್‌ನ ಕಿಣ್ವಗಳನ್ನೇ ಹೆಚ್ಚಿಸಿ ತನ್ನನ್ನು ತಾನೇ ಬೇಗ ಖರ್ಚು ಮಾಡಿಕೊಳ್ಳುತ್ತದೆ. ಹೋದ ವರ್ಷ ಅದೇ ಡೋಸ್ ಯಾಕೆ ಸಾಲದೆ ಬಂತು, ರಕ್ತಪರೀಕ್ಷೆ ಮಾಡಿ ಯಾಕೆ ಹೆಚ್ಚಿಸಿದರು ಅನ್ನುವುದು ನಿನ್ನೆ ರಾತ್ರಿ ತಲೆಗೆ ಹೋಯಿತು. ಒಂದು ಮನೆ, ನಾಲ್ಕು ಲಿವರ್, ನಾಲ್ಕು ದಾರಿ. ಇದನ್ನು ಕ್ಲಾಸಿನಲ್ಲಿ ಇಲಿಗಳ ಗ್ರಾಫ್ ಹಾಕಿ ಹೇಳಿದಾಗ ನಾನು ಆಕಳಿಸುತ್ತಿದ್ದೆ.

ಅದೇ ಪಾಠದ ಬಾಕ್ಸ್ ಒಂದರಲ್ಲಿ ಹಳೇ ಕಥೆ ಇತ್ತು. 1886ರಲ್ಲಿ ಅಸೆಟನಿಲೈಡ್ ಅನ್ನುವ ಔಷಧಿ ಜ್ವರಕ್ಕೆ ಬಳಕೆಗೆ ಬಂತು. ಜ್ವರ ಇಳಿಯುತ್ತಿತ್ತು, ಆದರೆ ಕೆಲವರ ಮೈ ನೀಲಿಗಟ್ಟುತ್ತಿತ್ತು. ಅದೂ ಮೆಟ್‌ಹಿಮೋಗ್ಲೋಬಿನ್‌ನದೇ ಕೆಲಸ. ಮೈಯೊಳಗೆ ಅದು ಪ್ಯಾರಾಸಿಟಮಾಲ್ ಆಗಿ ಬದಲಾಗುತ್ತದೆ, ನೋವು ಕಳೆಯುವುದು ಆ ಪ್ಯಾರಾಸಿಟಮಾಲ್ ಅಂತ 1948ರಲ್ಲಿ ಬರ್ನಾರ್ಡ್ ಬ್ರೋಡಿ ಮತ್ತು ಜೂಲಿಯಸ್ ಆಕ್ಸೆಲ್ರಾಡ್ ತೋರಿಸಿದರು. ಈ ಆಕ್ಸೆಲ್ರಾಡ್ ನನಗೆ ತುಂಬಾ ಹಿಡಿಸಿಬಿಟ್ಟ. ಹಗಲು ಲ್ಯಾಬಿನಲ್ಲಿ ಕೆಲಸ ಮಾಡಿ, ರಾತ್ರಿ ಕ್ಲಾಸಿಗೆ ಹೋಗಿ ಮಾಸ್ಟರ್ಸ್ ಮಾಡಿದವನು. ಪಿಎಚ್‌ಡಿ ಸಿಕ್ಕಿದ್ದು 1955ರಲ್ಲಿ, ನಲವತ್ತು ದಾಟಿದ ಮೇಲೆ. ನೊಬೆಲ್ 1970ರಲ್ಲಿ. ರಾತ್ರಿ ಮೂರೂವರೆಗೆ ಒದ್ದೆ ಬೆಕ್ಕನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಾಗ ಇಂಥವೆಲ್ಲ ಅಗತ್ಯಕ್ಕಿಂತ ಜಾಸ್ತಿ ಖುಷಿ ಕೊಡುತ್ತವೆ.

ಅರ್ಧ ಗಂಟೆಗೊಮ್ಮೆ ಟಾರ್ಚ್ ಹಾಕಿ ಬೂದಿಯ ತುಟಿ ಮೇಲೆತ್ತಿ ನೋಡಿದೆ. ಗುಲಾಬಿ. ಗುಲಾಬಿ. ಗುಲಾಬಿ, ಜೊತೆಗೆ ಒಂದು ಗುರ್. ನಾಲ್ಕೂ ಇಪ್ಪತ್ತಕ್ಕೆ ಪುಟ್ಟಿ ನೀರು ಕೇಳಿದಾಗಲೇ ಗಡಿಯಾರ ನೋಡಿದ್ದು. ಒಂದು ಗಂಟೆ ಐವತ್ತು ನಿಮಿಷ!

ಬೆಳಿಗ್ಗೆ ಅಕ್ಕ ಬಂದವಳೇ ನನ್ನ ಕೈ ನೋಡಿ, "ಏನೇ ಇದು?" ಅಂದಳು. ಹೇಳಿದೆ. ಡ್ಯೂಟಿ ಬಟ್ಟೆ ಕೂಡ ಬದಲಿಸದೆ ಕುರ್ಚಿ ಹತ್ತಿ ಔಷಧಿ ಡಬ್ಬಿಯನ್ನು ಬೀರುವಿನ ತಲೆಯ ಮೇಲೆ ಇಟ್ಟಳು. "ನಂಗೊಂದು ಫೋನ್ ಮಾಡಬಾರದಿತ್ತಾ?" ಅಂದಳು. ಮಾಡಿದ್ದರೆ ಅವಳು ಅಲ್ಲಿ ಕೆಲಸ ಮಾಡುತ್ತಿರಲಿಲ್ಲ, ಇಲ್ಲಿಗೂ ಬರಲಾಗುತ್ತಿರಲಿಲ್ಲ. ಸುಮ್ನೆ ಇದ್ದೆ. ಅವಳೂ ಆಮೇಲೆ ಏನೂ ಅನ್ನಲಿಲ್ಲ, ನನ್ನ ಗೀರುಗಳಿಗೆ ಮುಲಾಮು ಹಚ್ಚಿ, "ಹನ್ನೆರಡರವರೆಗೆ ನಾನು ಎದ್ದಿರ್ತೀನಿ, ನೀ ಮಲಕ್ಕೋ ಹೋಗು" ಅಂದಳು. ಹತ್ತು ನಿಮಿಷಕ್ಕೆ ಸೋಫಾದಲ್ಲಿ ಅವಳೇ ಕೂತಲ್ಲೇ ನಿದ್ದೆ ಹೋಗಿದ್ದಳು. ಒಂಬತ್ತೂವರೆಗೆ ಅವಳನ್ನು ಎಬ್ಬಿಸಿ ಪುಟ್ಟಿಯ ಪಕ್ಕ ಮಲಗಿಸಿ, ಬೂದಿಯನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಏನೂ ತೊಂದರೆ ಇಲ್ಲವಂತೆ. ತೂಕ 4.3 ಅಂತ ಬಂತು, ನನ್ನ ಲೆಕ್ಕದಲ್ಲಿ ಅಷ್ಟು ತಪ್ಪು.

ಸಂಜೆ ಹೊತ್ತಿಗೆ ಪುಟ್ಟಿಗೆ ಜ್ವರ 99ಕ್ಕೆ ಇಳಿದಿತ್ತು, ಬುದ್ಧಿ ಏರಿತ್ತು. ತೊಳೆದಿಟ್ಟ ಖಾಲಿ ಸಿರಿಂಜ್ ಅದು ಹೇಗೋ ಅವಳ ಕೈಗೆ ಸಿಕ್ಕಿದೆ. ಅದಕ್ಕೆ ನೀರು ತುಂಬಿಕೊಂಡು, "ಬೂದಿ, ಒಂದೇ ಗುಟುಕು ಕಂದ" ಅಂತ ಥೇಟ್ ನನ್ನ ದನಿಯಲ್ಲಿ ಕರೆಯುತ್ತಾ ಸೋಫಾ ಕೆಳಗೆ ಬಗ್ಗಿದ್ದಳು. ನನ್ನ ರಕ್ತ ತಣ್ಣಗಾಯಿತು. ಒತ್ತಿ ತಿರುಗಿಸುವ ಮುಚ್ಚಳವನ್ನು ನಾನು ತೆಗೆಯುವುದನ್ನು ಮೂರು ದಿನದಿಂದ ಅವಳು ನೋಡುತ್ತಿದ್ದಾಳೆ. ಸಿರಿಂಜ್ ಕೂಡ ಬೀರುವಿನ ಮೇಲೆ ಹೋಯಿತು. ಬದಲಿಗೆ ಒಂದು ಚಮಚ ಕೊಟ್ಟೆ. ಈಗ ಗುಂಡ ಅವಳ ಪೇಷೆಂಟ್. ಅವನು ಖಾಲಿ ಚಮಚವನ್ನು ಹದಿನೇಳು ಸಲ ನೆಕ್ಕಿದ, ಪ್ರತಿ ಸಲವೂ ಆಸೆಯಿಂದ.

ಆ ಆಟದಲ್ಲೇ ನನಗೆ ಇವತ್ತಿನ 23 ನಿಮಿಷ ಸಿಕ್ಕಿದ್ದು.

ಪುಸ್ತಕದ ಹಿಂದಿನ ಹಾಳೆಯಲ್ಲಿ ಕೊನೆಗೂ ಬರೆದೆ. "20 ರಾತ್ರಿ: 110 ನಿ., ಬೆಕ್ಕು." ಫ್ರಿಜ್ ಮೇಲಿನ ಹಾಳೆಯಲ್ಲೂ, ಸೂರ್ಯನ ಪಕ್ಕದಲ್ಲಿ ಸಣ್ಣಕ್ಕೆ ಒಂದು ಟಿಕ್ ಹಾಕಿದೆ. ಇನ್ನೂ ಐದು ಪಾಠ ಉಳಿದಿವೆ, ಒಂದೂವರೆ ದಿನ ಇದೆ.

ಈಗ 10.40. ಹನ್ನೊಂದಕ್ಕೆ ಪುಟ್ಟಿಯ ಮೈ ಮುಟ್ಟಿ ನೋಡಬೇಕು. ಅಲ್ಲಿಯವರೆಗೆ ಇಪ್ಪತ್ತು ನಿಮಿಷ ನನ್ನದು. ಪುಸ್ತಕ ಬೂದಿಯ ಕೆಳಗಿದೆ.