ದೊಡ್ಡಸ್ವಾಮಿಗಳು ಕಟ್ಟಿಸದ ಚರ್ಚು: ಏಳನೆಯ ಕಂತು

ಮೊದಲು ಪಾಪನಿವೇದನೆ ಮುಗಿಸಿಬಿಡುತ್ತೇನೆ. 1877ರಲ್ಲಿ ನಮ್ಮ ಚರ್ಚಿನ ಜ್ಞಾನಸ್ನಾನಗಳು ಇದ್ದಕ್ಕಿದ್ದಂತೆ ಇಮ್ಮಡಿಯಾದವು, ಇದು ಧಾತು ಸಂವತ್ಸರದಲ್ಲಿ (1876-77) ಶುರುವಾದ ಮಹಾಬರದ ಗುರುತು ಎಂದು ಕಳೆದ ಕಂತಿನಲ್ಲಿ ಎದೆ ತಟ್ಟಿಕೊಂಡು ಬರೆದಿದ್ದೆ. ಇಮ್ಮಡಿ ಮಾಡಿದವನು ನಾನೇ.

ಆದದ್ದು ಹೀಗೆ. ನಮ್ಮ ಹಳೆಯ ಜ್ಞಾನಸ್ನಾನದ ವಹಿಯ ಹೊಲಿಗೆ ಬಿಚ್ಚಿಹೋಗಿ ಎಷ್ಟೋ ಕಾಲವಾಗಿದೆ. ಹಾಳೆಗಳನ್ನು ಕೈಗೆ ಸಿಕ್ಕ ಕ್ರಮದಲ್ಲಿ ಒಟ್ಟುಮಾಡಿ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿದ್ದಾರೆ. ಬರೆದ ಫ್ರೆಂಚ್ ಸ್ವಾಮಿಗಳ ಕೈಯಲ್ಲಿ ಒಂದು ಎಂಬ ಅಂಕಿ ಕಡ್ಡಿಯಂತೆ ನೆಟ್ಟಗೆ ನಿಲ್ಲುವುದಿಲ್ಲ. ಕೆಳಗಿನಿಂದ ಒಂದು ಗೆರೆ ಓರೆಯಾಗಿ ಏರಿ ಬಂದು ಆಮೇಲೆ ಕೆಳಗಿಳಿಯುತ್ತದೆ. ನಮ್ಮ ಕಣ್ಣಿಗೆ ಅದು ಅಪ್ಪಟ ಏಳು. ಅವರ ಏಳಕ್ಕಾದರೋ ಸೊಂಟದಲ್ಲಿ ಒಂದು ಅಡ್ಡಗೆರೆ ಇರುತ್ತದೆ. ಅವರು 1871 ಎಂದು ಬರೆದದ್ದನ್ನು ನಾನು 1877 ಎಂದು ಓದಿದೆ. ಒಂದು ಏಳಕ್ಕೆ ಗೆರೆಯಿದೆ, ಪಕ್ಕದ್ದಕ್ಕೆ ಇಲ್ಲ ಎನ್ನುವುದು ಕಾಣದೆ ಇರಲಿಲ್ಲ. ಅವಸರದಲ್ಲಿ ಮರೆತಿರಬೇಕು, ಪಾಪ, ಎಂದುಕೊಂಡೆ. ಇಸವಿಯ ಮೊದಲ ಅಂಕಿಯನ್ನು ನೋಡಿದ್ದರೂ ಸಾಕಿತ್ತು, ಅದೂ ಅದೇ ಆಕಾರದಲ್ಲಿ ಎದುರಿಗೇ ನಿಂತಿತ್ತು. ಆದರೆ ಇಸವಿ ಹದಿನೆಂಟರಿಂದಲೇ ಶುರುವಾಗುತ್ತದೆ ಎಂದು ಮೊದಲೇ ಗೊತ್ತಿರುವವನು ಆ ಎರಡು ಅಂಕಿಗಳನ್ನು ನೋಡುವುದೇ ಇಲ್ಲ.

ಸಿಕ್ಕಿಬಿದ್ದದ್ದು ಪಾಸ್ಕ ಹಬ್ಬದಿಂದ, ಎಂದರೆ ಈಸ್ಟರಿನಿಂದ. ಒಂದು ಹಾಳೆಯಲ್ಲಿ ಏಪ್ರಿಲ್ 1 ಪಾಸ್ಕ ಭಾನುವಾರ ಎಂದಿದೆ, ಇನ್ನೊಂದರಲ್ಲಿ ಏಪ್ರಿಲ್ 9. ಒಂದೇ ವರ್ಷಕ್ಕೆ ಎರಡು ಪಾಸ್ಕ ಬರುವುದಕ್ಕೆ ಸಾಧ್ಯವೇ? ಚಾಂದ್ರಮಾನದ ಲೆಕ್ಕ ಹಾಕಿ ನೋಡಿದೆ: 1877ರ ಪಾಸ್ಕ ಏಪ್ರಿಲ್ 1, 1871ರದ್ದು ಏಪ್ರಿಲ್ 9. ಎರಡು ವರ್ಷಗಳ ಮಕ್ಕಳನ್ನು ಒಂದೇ ತೊಟ್ಟಿಲಿಗೆ ಹಾಕಿ ತೂಗಿದ್ದೆ. ಮೂರು ಭಾನುವಾರ ಕುಳಿತು ಹಾಳೆಗಳನ್ನೆಲ್ಲ ಮತ್ತೆ ಬೇರ್ಪಡಿಸಿದೆ. ಈಗ 1877ರ ಜ್ಞಾನಸ್ನಾನಗಳು ಹಿಂದುಮುಂದಿನ ವರ್ಷಗಳಷ್ಟೇ ಇವೆ.

ಹಾಗಾದರೆ ಬರ ನಮ್ಮೂರಿಗೆ ಬರಲಿಲ್ಲವೇ? ಬಂದಿತ್ತು, ನಾನು ಹುಡುಕಿದ್ದು ತಪ್ಪು ವಹಿಯಲ್ಲಿ. ಮರಣದ ವಹಿಯನ್ನು ತೆಗೆದರೆ ಧಾತು, ಈಶ್ವರ ಎರಡೂ ಸಂವತ್ಸರಗಳ ಅಕ್ಷರ ಬೇರೆಯೇ ಆಗಿದೆ. ಅದುವರೆಗೆ ಒಂದೊಂದು ಸಾವಿಗೂ ನಾಲ್ಕು ಸಾಲು ಬರೆಯುತ್ತಿದ್ದ ಸ್ವಾಮಿಗಳು ಒಂದೇ ಸಾಲಿಗೆ ಇಳಿದಿದ್ದಾರೆ. ಕೆಲವು ಕಡೆ ಹೆಸರಿನ ಜಾಗದಲ್ಲಿ ‘ಇಗ್ನೋತುಸ್’ ಎಂಬ ಒಂದು ಲ್ಯಾಟಿನ್ ಮಾತು ಮಾತ್ರ ಇದೆ. ಗುರುತಿಲ್ಲದವನು. ದಾರಿಯಲ್ಲಿ ಬಿದ್ದಿದ್ದವರನ್ನು ತಂದು ಮಣ್ಣು ಮಾಡಿದ್ದಿರಬೇಕು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು ಎಂಬುದನ್ನು ಶಾಲೆಯಲ್ಲಿ ಓದಿದ್ದೆ. ಅದರಲ್ಲಿ ಆರೇಳು ಮಂದಿ ನಮ್ಮ ಸಮಾಧಿಯ ಬೇಲಿಯ ಪಕ್ಕದಲ್ಲಿಯೇ ಇದ್ದಾರೆಂದು ಗೊತ್ತಿರಲಿಲ್ಲ.

ಹೊಸಬರಿಗಾಗಿ ಎರಡು ಮಾತು. ಹಾಸನ ಸೀಮೆಯ ಸಣ್ಣ ಪೇಟೆಯೊಂದರ ಕಥೋಲಿಕ ಧರ್ಮಕೇಂದ್ರ ನಮ್ಮದು. ಚರ್ಚಿನ ಮುಂದೆ ಹೊಸ ಗ್ರಾನೈಟ್ ಫಲಕ ನಿಲ್ಲಿಸಬೇಕು, ಅದರ ಮೇಲೆ ನಾಲ್ಕು ಸಾಲು ಚರಿತ್ರೆ ಇರಬೇಕು ಎಂದು ಸಮಿತಿಯವರು ಹೇಳಿದ್ದರಿಂದ ಶುರುವಾದ ಕೆಲಸವಿದು. ಆ ನಾಲ್ಕು ಸಾಲು ಇನ್ನೂ ಆಗಿಲ್ಲ.

ಆಗದಿರುವುದಕ್ಕೆ ಕಾರಣ ದೊಡ್ಡಸ್ವಾಮಿಗಳು. ಅಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿ, ನಮ್ಮವರ ಬಾಯಲ್ಲಿ ಡುಬಾಯ್. ಈ ಸೀಮೆಯ ಯಾವ ಹಳೆಯ ಚರ್ಚಿಗೆ ಹೋಗಿ ಕೇಳಿದರೂ ‘ಇದನ್ನು ಕಟ್ಟಿಸಿದ್ದು ದೊಡ್ಡಸ್ವಾಮಿಗಳು’ ಎನ್ನುತ್ತಾರೆ. ಸುರಂಗವೆಲ್ಲ ಶ್ರೀರಂಗಪಟ್ಟಣಕ್ಕೇ ಹೋಗುವ ಹಾಗೆ. ಏಪ್ರಿಲ್‌ನಲ್ಲಿ ಶೆಟ್ಟಿಹಳ್ಳಿಗೆ ಹೋಗಿದ್ದೆ. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಜಪಮಾಲೆ ಮಾತೆಯ ಚರ್ಚು ಅದು. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಬಂದಿದ್ದ ಜೋಡಿಗೆ ಯಾರೋ ವಿವರಿಸುತ್ತಿದ್ದರು: 1860ರಲ್ಲಿ ಅಬೆ ಡುಬಾಯ್ ಕಟ್ಟಿಸಿದ್ದು. ಬಾಯಿ ಮುಚ್ಚಿಕೊಂಡು ಇರುವುದಕ್ಕೆ ಬಹಳ ಕಷ್ಟಪಟ್ಟೆ. ದೊಡ್ಡಸ್ವಾಮಿಗಳು ಭಾರತ ಬಿಟ್ಟದ್ದು 1823ರಲ್ಲಿ, ಪ್ಯಾರಿಸಿನಲ್ಲಿ ತೀರಿಕೊಂಡದ್ದು 1848ರಲ್ಲಿ. ತೀರಿಕೊಂಡು ಹನ್ನೆರಡು ವರ್ಷದ ಮೇಲೆ ಬಂದು ಅಸ್ತಿವಾರ ಹಾಕಿದರೆ ಅದನ್ನು ಪವಾಡಗಳ ಪಟ್ಟಿಗೆ ಸೇರಿಸಬೇಕು.

ಹಾಗೆಂದು ಆ ಮಾತು ಗಾಳಿಯಿಂದ ಹುಟ್ಟಿದ್ದೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಅವರು ಮೈಸೂರು ಸೀಮೆಗೆ ಬಂದರು. ಕಾವಿ ಉಟ್ಟು, ಮಾಂಸ ಬಿಟ್ಟು, ಇಲ್ಲಿಯವರ ಹಾಗೆಯೇ ಬದುಕಿದರು. ಸಿಡುಬಿಗೆ ಲಸಿಕೆ ಹಾಕಿಸಿದರು. ನೆಲೆಯಿಲ್ಲದ ಕುಟುಂಬಗಳಿಗೆ ಬೇಸಾಯದ ಊರುಗಳನ್ನು ಮಾಡಿಕೊಟ್ಟರು. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಹತ್ತಿರದ ಸಾಥಳ್ಳಿ. ಅಲ್ಲಿಂದ ಕವಲೊಡೆದ ಮನೆತನಗಳು ನಮ್ಮ ಧರ್ಮಕೇಂದ್ರದಲ್ಲಿಯೂ ಇವೆ. ಎಂದರೆ ಜನರನ್ನು ಕೂಡಿಸಿದ ಪುಣ್ಯ ಅವರಿಗೆ ಸಲ್ಲಬಹುದು. ಗೋಡೆ ಎಬ್ಬಿಸಿದ ಲೆಕ್ಕವನ್ನು ಅವರ ಖಾತೆಗೆ ಬರೆಯುವುದು ನನ್ನಿಂದಾಗದು. ಸಮಿತಿಯ ಹಿರಿಯರೊಬ್ಬರಿಗೆ ಈ ವ್ಯತ್ಯಾಸ ಹಿಡಿಸಲಿಲ್ಲ. “ಜನರಿದ್ದರೆಂದ ಮೇಲೆ ಚರ್ಚು ಇರಲಿಲ್ಲವೇನಪ್ಪಾ, ಪೂಜೆಯನ್ನು ಮರದ ಕೆಳಗೆ ಮಾಡುತ್ತಿದ್ದರೇ?” ಎಂದು ಕೇಳಿದರು. ಮಾಡಿದ್ದರೂ ಮಾಡಿರಬಹುದು. ಹುಲ್ಲಿನ ಮಾಡಿನ ಗುಡಿಸಲೂ ಇದ್ದಿರಬಹುದು. ಅದು ಈಗಿನ ಕಟ್ಟಡವಂತೂ ಅಲ್ಲ.

ಶೆಟ್ಟಿಹಳ್ಳಿಗೆ ಹೋದದ್ದು ಅದಕ್ಕಾಗಿಯೇ. ನಮ್ಮ ಚರ್ಚಿನ ಗೋಡೆಗೆ ವರ್ಷವರ್ಷವೂ ಬಣ್ಣ ಬಳಿದು, ಕೆಳಭಾಗಕ್ಕೆ ಎದೆಯೆತ್ತರ ಟೈಲ್ಸ್ ಹಚ್ಚಿ, ಒಳಗೆ ಏನಿದೆ ಎನ್ನುವುದೇ ಕಾಣದಂತೆ ಮಾಡಿದ್ದೇವೆ. ಶೆಟ್ಟಿಹಳ್ಳಿಯಲ್ಲಿ ನೀರು ಗಾರೆಯನ್ನೆಲ್ಲ ಕಿತ್ತುಕೊಂಡು ಹೋಗಿರುವುದರಿಂದ ಕಟ್ಟಿದವನ ಕೈ ನೇರವಾಗಿ ಕಾಣುತ್ತದೆ. ಚೂಪು ಕಮಾನುಗಳಲ್ಲಿ ಇಟ್ಟಿಗೆಯನ್ನು ಅಡ್ಡಡ್ಡ ನಿಲ್ಲಿಸಿದ ರೀತಿ, ನಡುವೆ ದಪ್ಪನೆಯ ಸುಣ್ಣದ ಗಾರೆ. ಉಗುರಿನಿಂದ ಕೆರೆದರೆ ಸುಣ್ಣದ ಬಿಳುಪಿನೊಳಗೆ ಕೆಂಪು ಚುಕ್ಕೆಗಳು: ಇಟ್ಟಿಗೆಯ ಪುಡಿ. ಅದನ್ನು ಬೆರೆಸಿದ ಸುಣ್ಣ ನೀರಿನಲ್ಲಿಯೂ ಗಟ್ಟಿಯಾಗುತ್ತದೆ. ಬೆಲ್ಲ, ಮೊಟ್ಟೆ ಹಾಕಿ ಕಟ್ಟಿದ್ದರಿಂದ ನಿಂತಿದೆ ಎನ್ನುವ ಕಥೆ ಎಲ್ಲರಿಗೂ ಇಷ್ಟ. ನನಗೆ ಇಟ್ಟಿಗೆಯ ಪುಡಿಯ ಮೇಲೆ ಹೆಚ್ಚು ನಂಬಿಕೆ. ಊರಿಗೆ ಬಂದು, ಫಾದರ್ ಅನುಮತಿ ಪಡೆದು, ಗಂಟೆಗೋಪುರದ ಒಳಗೆ ಬಣ್ಣ ತಾಗದ ಒಂದು ಮೂಲೆಯಲ್ಲಿ ಕೆರೆದು ನೋಡಿದೆ. ಅವೇ ಕೆಂಪು ಚುಕ್ಕೆಗಳು. ಇದರಿಂದ ಇಸವಿ ಸಿಗುವುದಿಲ್ಲ, ಆದರೆ ಎರಡೂ ಒಂದೇ ಬಗೆಯ ಕೈಕೆಲಸ ಎನ್ನುವಷ್ಟು ಧೈರ್ಯ ಬಂತು.

ಇಸವಿಯ ಹತ್ತಿರಕ್ಕೆ ಕರೆದೊಯ್ದದ್ದು ಒಂದು ಒಡಕು ಹೆಂಚು. ಹಿಂದಿನ ಸಲ ಮಾಡು ಬದಲಿಸಿದಾಗ ಉಳಿದ ಹಳೆಯ ಹೆಂಚುಗಳನ್ನು ಅಡುಗೆಮನೆಯ ಹಿಂದೆ ಪೇರಿಸಿಟ್ಟಿದ್ದಾರೆ, ಅವುಗಳ ಮೇಲೆ ಕೋಳಿಗಳ ಸಂಸಾರ. ಒಂದನ್ನು ಮಗುಚಿ ತೊಳೆದರೆ ಬೆನ್ನಿನ ಮೇಲೆ ‘ಬಾಸೆಲ್ ಮಿಶನ್’ ಎಂಬ ಅಚ್ಚು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೊದಲ ಮಹಾಯುದ್ಧದಲ್ಲಿ ಸರ್ಕಾರ ಅದನ್ನು ಶತ್ರು ಆಸ್ತಿಯೆಂದು ಮುಟ್ಟುಗೋಲು ಹಾಕಿಕೊಂಡು, ಯುದ್ಧ ಮುಗಿದ ಮೇಲೆ ಬೇರೆಯವರಿಗೆ ವಹಿಸಿತು. ಆದ್ದರಿಂದ ಈ ಹೆಂಚು ಆ ಐವತ್ತು ಚಿಲ್ಲರೆ ವರ್ಷಗಳ ಒಳಗಿನದು. ಗೋಡೆ ಅದಕ್ಕಿಂತ ಹಳೆಯದಾಗಿದ್ದು, ನಾಡಹೆಂಚು ತೆಗೆದು ಇದನ್ನು ಹೊದಿಸಿರಲೂಬಹುದು. ಅದೇನೇ ಇರಲಿ, ಕಥೋಲಿಕರ ತಲೆಯ ಮೇಲೆ ಪ್ರೊಟೆಸ್ಟೆಂಟರ ಮಾಡು ಅಷ್ಟು ಕಾಲ ಸೋರದೆ ನಿಂತಿತ್ತಲ್ಲ ಎಂದು ಫಾದರ್ ಬಿದ್ದು ಬಿದ್ದು ನಕ್ಕರು.

ವಹಿಗಳ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಈ ತಿಂಗಳ ಸುಖವೆಲ್ಲ ಅಲ್ಲಿಯೇ. ಜ್ಞಾನಸ್ನಾನಕ್ಕೂ ಮದುವೆಗೂ ವಹಿ ಇಡಬೇಕೆಂದು ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು; ನಮ್ಮ ಪೇಟೆಯ ಕಪಾಟಿನಲ್ಲಿ ಲ್ಯಾಟಿನ್ ಸಾಲುಗಳು ಇರುವುದು ಆ ದೂರದ ಆಜ್ಞೆಯ ಬಲದಿಂದ. ಹಳೆಯ ಶಾಯಿಯಲ್ಲಿರುವ ಕಬ್ಬಿಣದ ಅಂಶ ಕಾಗದವನ್ನೇ ತಿಂದು, ಕೆಲವು ಅಕ್ಷರಗಳ ಜಾಗದಲ್ಲಿ ಅಕ್ಷರದ ಆಕಾರದ ತೂತು ಉಳಿದಿದೆ. ಹಿಂದೆ ಕಪ್ಪು ರಟ್ಟು ಇಟ್ಟು, ಕಿಟಕಿಯ ಓರೆ ಬೆಳಕಿನಲ್ಲಿ ಮೊಬೈಲ್‌ನಿಂದ ಫೋಟೊ ತೆಗೆದರೆ ತೂತನ್ನೂ ಓದಬಹುದು.

ಬದಿಯ ಅಂಚಿನಲ್ಲಿ ಬೇರೆ ಕೈಯ ಸಣ್ಣ ಟಿಪ್ಪಣಿಗಳಿವೆ. ಜ್ಞಾನಸ್ನಾನ ಪಡೆದ ಮಗು ಬೆಳೆದು ಎಲ್ಲಿ, ಯಾರನ್ನು ಮದುವೆಯಾಯಿತು ಎಂಬ ವಿವರ. 1908ರ ಪಾಸ್ಕದಿಂದ ಜಾರಿಗೆ ಬಂದ ರೋಮಿನ ನಿಯಮ ಇದನ್ನು ಎಲ್ಲೆಡೆ ಕಡ್ಡಾಯ ಮಾಡಿತು. ನನಗೆ ಇದರಿಂದ ಕುಟುಂಬಗಳ ಕೊಂಡಿ ಸಲೀಸಾಗಿ ಸಿಗುತ್ತಿದೆ. ಹೆಸರುಗಳದ್ದೇ ಗೋಜಲು. ವಹಿಯಲ್ಲಿ ಪೇತ್ರುಸ್, ಪೌಲುಸ್, ಇಗ್ನಾಸಿಯುಸ್ ಎಂದಿದ್ದರೆ ಊರಿನಲ್ಲಿ ಆ ಹೆಸರಿನ ಒಬ್ಬರೂ ಇಲ್ಲ. ನಮ್ಮ ಓಣಿಯ ಹಿರಿಯ ಅಜ್ಜಿಗೆ ಓದಿ ಹೇಳುತ್ತ ಹೋದೆ.

“ಪೇತ್ರುಸ್ ಯಾರಜ್ಜಿ?”

“ಪೇತ್ರುಸ್ಸೂ ಇಲ್ಲ, ಗೀತ್ರುಸ್ಸೂ ಇಲ್ಲ. ರಾಯಪ್ಪ. ಪೇದುರು ಅಂದರೆ ರಾಯಪ್ಪನಲ್ಲವೇ?”

ಹಾಗೆಯೇ ಪೌಲ ಚಿನ್ನಪ್ಪನಾದ, ಇಗ್ನಾಸಿಯುಸ್ ಇನ್ನಾಸಪ್ಪನಾದ, ಕ್ಸೇವಿಯರ್ ಚೌರಪ್ಪನಾದ. ಅರ್ಧ ಗಂಟೆಯಲ್ಲಿ ಅಜ್ಜಿ ಹನ್ನೊಂದು ಹೆಸರು ಬಿಡಿಸಿಕೊಟ್ಟರು. ನಾನು ಒಂದು ತಿಂಗಳು ನಿಘಂಟು ಮುಂದಿಟ್ಟುಕೊಂಡು ಬಿಡಿಸಿದ್ದು ನಾಲ್ಕು.

ಅಜ್ಜಿಗೆ ಲ್ಯಾಟಿನ್ ಪೂಜೆಯೂ ನೆನಪಿದೆ. ಸ್ವಾಮಿಗಳು ಜನರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು, ಏನು ಹೇಳುತ್ತಿದ್ದರೋ ದೇವರಿಗೇ ಗೊತ್ತು, ನಾವು ನಮ್ಮ ಪಾಡಿಗೆ ಜಪಸರ ಉರುಳಿಸುತ್ತಿದ್ದೆವು ಎಂದರು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ನಂತರ ಬಲಿಪೀಠ ಮುಂದಕ್ಕೆ ಬಂತು, ಪೂಜೆ ಕನ್ನಡಕ್ಕೆ ಬಂತು, ಪ್ರಸಾದ ಸ್ವೀಕರಿಸಲು ಮಂಡಿಯೂರುತ್ತಿದ್ದ ಮರದ ಕಟಕಟೆ ಹೋಯಿತು. ಹೋದದ್ದು ಎಲ್ಲಿಗೆ? ಕಳೆದ ಭಾನುವಾರ ಶಾಲೆಯ ಸೈಕಲ್ ನಿಲ್ಲಿಸುವ ಜಾಗದಲ್ಲಿ ಕಡೆದ ಕಂಬಗಳ ಒಂದು ತಡೆ ಕಂಡಿತು, ಮೇಲೆ ಹಸಿರು ಬಣ್ಣ. ಅಳತೆ ತೆಗೆದುಕೊಂಡಿದ್ದೇನೆ. ಬಲಿಪೀಠದ ಮುಂದಿನ ಕಲ್ಲಿನಲ್ಲಿ ಸಿಮೆಂಟು ತುಂಬಿದ ಕುಳಿಗಳ ಅಂತರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಫಲಕದ ಕರಡನ್ನು ಸಮಿತಿಗೆ ಕೊಟ್ಟೆ. ಮೊದಲ ಸಾಲಿನಲ್ಲಿ ದೊಡ್ಡಸ್ವಾಮಿಗಳ ಕಾಲದಿಂದ ಈ ಸೀಮೆಯಲ್ಲಿ ಕ್ರೈಸ್ತ ಕುಟುಂಬಗಳಿವೆ ಎಂದಿದೆ, ಎರಡನೆಯದರಲ್ಲಿ ಈಗಿನ ಕಟ್ಟಡ ಅವರ ನಂತರದ ಫ್ರೆಂಚ್ ಗುರುಗಳದ್ದು ಎಂದಿದೆ. ಎರಡನೆಯ ಸಾಲು ಬೇಕೇ ಎಂಬ ಚರ್ಚೆ ನಡೆಯುತ್ತಿದೆ. ಕಲ್ಲು ಕೆತ್ತುವವರು ಅಕ್ಷರದ ಲೆಕ್ಕದಲ್ಲಿ ಹಣ ಕೇಳುವುದರಿಂದ ಅದನ್ನು ಬಿಡಿಸುವುದಕ್ಕೆ ಸಮಿತಿಯವರಿಗೆ ಒಳ್ಳೆಯ ನೆಪವೂ ಇದೆ.

ಇನ್ನು ಗಂಟೆ ಉಳಿದಿದೆ. ಗಂಟೆಗೆ ಹೆಸರಿಟ್ಟು, ಎರಕದಲ್ಲಿಯೇ ಹೆಸರನ್ನೂ ಇಸವಿಯನ್ನೂ ಮೂಡಿಸುವುದು ಹಳೆಯ ಪದ್ಧತಿ. ನಮ್ಮದರ ಹೊಟ್ಟೆಯ ಸುತ್ತ ಉಬ್ಬಿದ ಅಕ್ಷರಗಳಿರುವುದು ಕೆಳಗಿನಿಂದಲೇ ಕಾಣುತ್ತದೆ, ಪಾರಿವಾಳದ ಹಿಕ್ಕೆಯ ಕೆಳಗೆ. ತೆಳು ಕಾಗದ ಮತ್ತು ಬಡಗಿಯ ಪೆನ್ಸಿಲ್ ತಂದಿಟ್ಟುಕೊಂಡಿದ್ದೇನೆ, ಕಾಗದ ಒತ್ತಿ ಉಜ್ಜಿದರೆ ಅಕ್ಷರ ಮೂಡುತ್ತದೆ. ಪಂಚಾಯತಿಯ ಬೀದಿದೀಪದವರು ಶನಿವಾರ ಏಣಿ ಕೊಡುವುದಾಗಿ ಹೇಳಿದ್ದಾರೆ. ಈ ಸಲ ಒಂದು ಮತ್ತು ಏಳನ್ನು ಕೈಯಿಂದ ಮುಟ್ಟಿ ನೋಡಿಯೇ ಬರೆಯುತ್ತೇನೆ.