ಕತ್ತಿ ಕಲಿಸುತ್ತಿದ್ದ ಮನೆಯಲ್ಲಿ ಕಣ್ಣು ಅರೆಮುಚ್ಚಿ

ಟೋಕಿಯೊದಿಂದ ಯೊಕೊಸುಕಾ ಲೈನ್ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಕಿಟಾ-ಕಾಮಾಕುರಾ ಬರುತ್ತದೆ. ಪುಟ್ಟ ಸ್ಟೇಷನ್, ಉದ್ದನೆಯ ಇಕ್ಕಟ್ಟಾದ ಪ್ಲಾಟ್‌ಫಾರಂ. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಧ್ಯಾನಕ್ಕೇ ಒತ್ತು ಕೊಡುವ ಝೆನ್ ಬೌದ್ಧರ ಎಂಗಾಕುಜಿ ಮಠದ ಮೆಟ್ಟಿಲು. 1889ರಲ್ಲಿ ರೈಲು ಮಾರ್ಗ ಹಾಕುವಾಗ ಮಠದ ಅಂಗಳವನ್ನೇ ಸೀಳಿಕೊಂಡು ಹೋದರು. ಮಠದ ಮುಂದಿನ ಕೊಳ ಈಗ ಹಳಿಯ ಆಚೆಗೆ ಉಳಿದಿದೆ. ಹಾಗಾಗಿ ಝೆನ್ ಮಠ ಅಂದರೆ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ ಅಂದುಕೊಂಡು ಬರುವವರನ್ನು ಮೊದಲು ಸ್ವಾಗತಿಸುವುದು ಲೆವೆಲ್ ಕ್ರಾಸಿಂಗಿನ ಗಂಟೆ.

ಸಿನಿಮಾಗಳಲ್ಲಿ ನೋಡಿರುತ್ತೇವಲ್ಲ, ಸಮುರಾಯಿ ಕಣ್ಣು ಮುಚ್ಚಿ ಕೂತು ಎದ್ದ ಅಂದರೆ ಮುಂದಿನ ಸೀನಿನಲ್ಲಿ ಹತ್ತಾರು ಜನ ನೆಲಕ್ಕೆ. ಧ್ಯಾನಕ್ಕೂ ಕತ್ತಿಗೂ ನಿಜವಾಗಿ ಏನು ನಂಟು ಅನ್ನೋ ಕುತೂಹಲ ನನಗೆ ಬಹಳ ದಿನದಿಂದ ಇತ್ತು. ಯೊಕೊಹಾಮಾದಲ್ಲಿ ಕೆಲಸ ಮಾಡುವ ಗೆಳೆಯ ಜೊತೆಗೆ ಬಂದ. ಅವನ ಜಪಾನಿ ಚೆನ್ನಾಗಿದೆ, ನನ್ನದು ನಮಸ್ಕಾರಕ್ಕೆ ಮುಗಿಯುತ್ತದೆ.

ಈ ಮಠ ಹುಟ್ಟಿದ್ದೇ ಯುದ್ಧದಿಂದ. 1274ರಲ್ಲಿ ಒಮ್ಮೆ, 1281ರಲ್ಲಿ ಇನ್ನೊಮ್ಮೆ ಮಂಗೋಲರು ಹಡಗು ತುಂಬಿಕೊಂಡು ಜಪಾನಿನ ಮೇಲೆ ಬಂದರು. ಆಗ ಆಡಳಿತ ಹೋಜೊ ತೊಕಿಮುನೆ ಅನ್ನುವ ಯುವಕನ ಕೈಯಲ್ಲಿತ್ತು. ಅವನು ಚೀನಾದಿಂದ ಮುಗಾಕು ಸೊಗೆನ್ ಎಂಬ ಗುರುವನ್ನು 1279ರಲ್ಲಿ ಕರೆಸಿಕೊಂಡಿದ್ದ. ಗೆದ್ದ ಮೇಲೆ, 1282ರಲ್ಲಿ, ಸತ್ತವರಿಗಾಗಿ ಎಂಗಾಕುಜಿ ಕಟ್ಟಿಸಿದ. ತನ್ನ ಕಡೆಯವರಿಗೆ ಮಾತ್ರ ಅಲ್ಲ, ಮಂಗೋಲರ ಕಡೆ ಸತ್ತವರಿಗೂ ಸೇರಿಸಿ. ಎರಡು ವರ್ಷಕ್ಕೆ ಅವನೂ ತೀರಿಕೊಂಡ.

ಮುಗಾಕು ಬಗ್ಗೆ ಒಂದು ಕಥೆ ಇದೆ. ಚೀನಾದಲ್ಲೇ ಇದ್ದಾಗ ಮಂಗೋಲ್ ಸೈನಿಕರು ಅವರ ಮಠಕ್ಕೆ ನುಗ್ಗಿದರು. ಉಳಿದವರೆಲ್ಲ ಓಡಿದರು, ಇವರು ಕೂತಲ್ಲೇ ಕೂತಿದ್ದರು. ಕತ್ತಿ ಕುತ್ತಿಗೆಗೆ ಬಂದಾಗ ಒಂದು ಪದ್ಯ ಹೇಳಿದರಂತೆ. ನನ್ನನ್ನು ಕಡಿದರೆ ಮಿಂಚಿನ ಬೆಳಕಿನಲ್ಲಿ ವಸಂತದ ಗಾಳಿಯನ್ನು ಕಡಿದ ಹಾಗೆ, ಅನ್ನುವ ಅರ್ಥದ್ದು. ಸೈನಿಕರು ವಾಪಸ್ ಹೋದರಂತೆ. ಎಷ್ಟು ನಿಜವೋ, ಆದರೆ ಕತ್ತಿ ಹಿಡಿಯುವವರು ಇಂಥ ಗುರುವನ್ನು ಯಾಕೆ ಹುಡುಕಿಕೊಂಡು ಹೋದರು ಅನ್ನುವುದು ಇದರಿಂದ ತಿಳಿಯುತ್ತದೆ.

ದೊಡ್ಡ ಬಾಗಿಲು ದಾಟಿ ಒಳಗೆ ಹೋದರೆ ಕೊಜಿರಿನ್ ಸಿಗುತ್ತದೆ. ಸನ್ಯಾಸಿಗಳಲ್ಲದ, ನಮ್ಮಂಥ ಸಂಸಾರಿಗಳು ಧ್ಯಾನ ಮಾಡುವ ಮನೆ. ನಾನು ನೋಡಬೇಕು ಅಂತ ಬಂದಿದ್ದು ಇದನ್ನೇ. ಯಾಕೆಂದರೆ ಇದು ಮೊದಲು ಧ್ಯಾನದ ಮನೆ ಆಗಿರಲೇ ಇಲ್ಲ. ಟೋಕಿಯೊದ ಉಶಿಗೊಮೆಯಲ್ಲಿದ್ದ ಯಾಗ್ಯೂ ಮನೆತನದ ಕತ್ತಿವರಸೆ ಶಾಲೆ. 1928ರಲ್ಲಿ ಮಠಕ್ಕೆ ದಾನ ಕೊಟ್ಟರು, ಬಿಚ್ಚಿ ತಂದು ಇಲ್ಲಿ ಕಟ್ಟಿದರು.

ಶನಿವಾರದ ಅಭ್ಯಾಸಕ್ಕೆ ನಾವೂ ಕೂತೆವು. ಸಾಕ್ಸ್ ಬಿಚ್ಚಬೇಕು, ವಾಚು ತೆಗೆಯಬೇಕು. ದುಂಡನೆಯ ದಿಂಬು, ಅದರ ಮೇಲೆ ಅರ್ಧ ಪದ್ಮಾಸನ. ಕಣ್ಣು ಪೂರ್ತಿ ಮುಚ್ಚುವ ಹಾಗಿಲ್ಲ, ಒಂದು ಮೀಟರ್ ಮುಂದೆ ನೆಲದ ಮೇಲೆ ನೋಟ ಬಿಟ್ಟಿರಬೇಕು. ಝೆನ್‌ನಲ್ಲೇ ಸೋತೊ ಪಂಥದವರು ಗೋಡೆಗೆ ಮುಖ ಮಾಡಿ ಕೂರುತ್ತಾರೆ, ಇಲ್ಲಿ ರಿಂಜಾಯ್ ಪದ್ಧತಿ, ಒಳಮುಖವಾಗಿ. ಎದುರು ಸಾಲಿನವರ ಮಂಡಿ ಕಾಣಿಸುತ್ತಿರುತ್ತದೆ. ಮರದ ತುಂಡುಗಳ ಟಕ್ ಟಕ್ ಸದ್ದು, ಆಮೇಲೆ ಗಂಟೆ. ಅಷ್ಟೇ, ಶುರು.

ಉಸಿರು ಬಿಡುವಾಗ ಒಂದು, ಮತ್ತೆ ಬಿಡುವಾಗ ಎರಡು, ಹೀಗೆ ಹತ್ತರವರೆಗೆ ಎಣಿಸಿ ಪುನಃ ಒಂದಕ್ಕೆ ಬರಬೇಕು. ಕೇಳೋಕೆ ಎಷ್ಟು ಸುಲಭ ಅಲ್ವಾ? ನಾಲ್ಕಕ್ಕೆ ಬರುವಷ್ಟರಲ್ಲಿ ಬಲಗಾಲು ಜುಮ್ ಅನ್ನುತ್ತದೆ. ಆರಕ್ಕೆ ರೈಲು ಬರುತ್ತದೆ. ಎಂಟು ಹೇಳಿದ್ದೆನೋ ಒಂಬತ್ತೋ ಅಂತ ಯೋಚಿಸುತ್ತಿರುವಾಗ ಮಧ್ಯಾಹ್ನದ ಊಟ ನೆನಪಾಗುತ್ತದೆ. ಚಪ್ಪಟೆ ಕೋಲು ಹಿಡಿದ ಸನ್ಯಾಸಿ ಸದ್ದಿಲ್ಲದೆ ಸಾಲಿನ ಮುಂದೆ ನಡೆಯುತ್ತಿರುತ್ತಾರೆ. ಬೇಕಾದವರು ಕೈ ಮುಗಿದರೆ ಮುಂದೆ ನಿಲ್ಲುತ್ತಾರೆ. ನಾನೂ ಮುಗಿದೆ. ಇಬ್ಬರೂ ಒಬ್ಬರಿಗೊಬ್ಬರು ತಲೆಬಾಗಿಸಿದೆವು, ನಾನು ಬೆನ್ನು ಬಗ್ಗಿಸಿದೆ, ಪಟಾರ್ ಅಂತ ಏಟು ಬಿತ್ತು. ಸದ್ದು ಜೋರು, ನೋವು ಕಡಿಮೆ. ಹೆಗಲು ಎಷ್ಟು ಬಿಗಿಯಾಗಿತ್ತು ಅನ್ನುವುದು ಏಟು ಬಿದ್ದಾಗಲೇ ಗೊತ್ತಾಗಿದ್ದು. ಒಂದಷ್ಟು ಹೊತ್ತು ಎಣಿಕೆ ಸರಾಗವಾಗಿ ಹೋಯಿತು. ರೈಲು ಆಗಲೂ ಬಂತು, ಬಂದು ಹೋಯಿತು.

ಯಾಗ್ಯೂ ಮನೆತನಕ್ಕೂ ಝೆನ್‌ಗೂ ನಂಟು ಹಳೆಯದು. ಯಾಗ್ಯೂ ಮುನೆನೊರಿ ತೊಕುಗಾವ ಶೋಗನ್ನರಿಗೆ, ಅಂದರೆ ಆಗ ದೇಶ ಆಳುತ್ತಿದ್ದ ಸೇನಾಧಿಪತಿಗಳಿಗೆ, ಕತ್ತಿ ಕಲಿಸಿದವರು. ಅವರಿಗೆ ತಕುವಾನ್ ಸೋಹೊ ಎಂಬ ಸನ್ಯಾಸಿ ಬರೆದ ದೀರ್ಘ ಪತ್ರ ಇವತ್ತಿಗೂ ಕೆಂಡೊ (ಜಪಾನಿ ಕತ್ತಿವರಸೆ) ಕಲಿಯುವವರು ಓದುತ್ತಾರೆ. (ಜಪಾನಿನ ಊಟದಲ್ಲಿ ಹಳದಿ ಮೂಲಂಗಿ ಉಪ್ಪಿನಕಾಯಿ ಬರುತ್ತಲ್ಲ, ಅದಕ್ಕೂ ಇವರದೇ ಹೆಸರು.) ತಕುವಾನ್ ಹೇಳುವುದು ನಾವು ಅಂದುಕೊಂಡದ್ದಕ್ಕೆ ಪೂರಾ ಉಲ್ಟಾ. ಎದುರಾಳಿಯ ಕತ್ತಿಯ ಮೇಲೆ ಮನಸ್ಸಿಟ್ಟರೆ ಮನಸ್ಸು ಆ ಕತ್ತಿಗೇ ಸಿಕ್ಕಿಬೀಳುತ್ತದೆ. ನಿನ್ನ ಕತ್ತಿಯ ಮೇಲಿಟ್ಟರೆ ಅಲ್ಲಿ ಸಿಕ್ಕಿಬೀಳುತ್ತದೆ. ಹೊಡೆಯಬೇಕು ಅನ್ನುವ ಯೋಚನೆಯ ಮೇಲಿಟ್ಟರೂ ಅಷ್ಟೇ. ಸಾವಿರ ಕೈಯ ಕನ್ನೊನ್ ದೇವಿಯ ಮನಸ್ಸು ಬಿಲ್ಲು ಹಿಡಿದ ಒಂದು ಕೈಯಲ್ಲಿ ನಿಂತುಬಿಟ್ಟರೆ ಉಳಿದ 999 ಕೈಗಳು ದಂಡ ಅನ್ನುತ್ತಾರೆ. ಅಲುಗಾಡದ ಮನಸ್ಸು ಅಂದರೆ ಕಲ್ಲಿನ ಹಾಗೆ ಗಟ್ಟಿಯಾಗಿರುವುದಲ್ಲ, ಎಲ್ಲೂ ಕಚ್ಚಿಕೊಳ್ಳದೆ ಓಡಾಡಿಕೊಂಡಿರುವುದು. ಮನೆಯಲ್ಲಿ ಓದಿದಾಗ ಇದು ಬರೀ ಮಾತಿನ ಆಟ ಅನ್ನಿಸಿತ್ತು. ಎರಡನೇ ರೈಲು ಹೋದ ಮೇಲೆ ಹಾಗನ್ನಿಸಲಿಲ್ಲ.

ಮಠದೊಳಗೇ ಬಿಲ್ಲುಗಾರಿಕೆಯ ಜಾಗವೂ ಇದೆ, ಎನ್ಮಾ ಗುಡಿಯಲ್ಲಿ. ಎನ್ಮಾ ಅಂದರೆ ನಮ್ಮ ಯಮನೇ. ಬೌದ್ಧರ ಜೊತೆ ಅಲ್ಲಿಯವರೆಗೂ ಹೋಗಿದ್ದಾನೆ. ನಮ್ಮ ಗರಡಿ ಮನೆಯಲ್ಲಿ ಹನುಮಂತ ಇರುವ ಹಾಗೆ ಇಲ್ಲಿ ಯಮ. ನಾವು ಹೋದಾಗ ಮಧ್ಯವಯಸ್ಸಿನ ಒಬ್ಬ ಹೆಂಗಸು ಅಭ್ಯಾಸ ಮಾಡುತ್ತಿದ್ದರು. ಜಪಾನಿ ಬಿಲ್ಲು ಎರಡು ಮೀಟರಿಗಿಂತ ಉದ್ದ, ಆಳಿಗಿಂತ ಎತ್ತರ. ಅದನ್ನು ಮಧ್ಯದಲ್ಲಿ ಹಿಡಿಯುವುದಿಲ್ಲ, ಕೆಳಗಿನಿಂದ ಮೂರನೇ ಒಂದು ಭಾಗದ ಹತ್ತಿರ ಹಿಡಿಯುತ್ತಾರೆ. ಕ್ಯೂದೋದಲ್ಲಿ, ಅಂದರೆ ಜಪಾನಿ ಬಿಲ್ವಿದ್ಯೆಯಲ್ಲಿ, ಸಾಮಾನ್ಯವಾಗಿ ಗುರಿ 28 ಮೀಟರ್ ದೂರದಲ್ಲಿರುತ್ತದೆ, ಅಗಲ 36 ಸೆಂಟಿಮೀಟರ್.

ಆಕೆ ಪಾದ ಅಗಲಿಸಿ ನಿಂತರು. ಬಿಲ್ಲನ್ನು ತಲೆಯ ಮೇಲಕ್ಕೆ ಎತ್ತಿದರು. ಎಳೆಯುತ್ತಾ ಎಳೆಯುತ್ತಾ ಕೆಳಗೆ ತಂದರು, ಬಾಣ ಕೆನ್ನೆಗೆ ತಾಗಿತು. ಅಲ್ಲಿ ನಿಂತುಬಿಟ್ಟರು. ಹೊರಗಿನಿಂದ ನೋಡಿದರೆ ನಿಶ್ಚಲ. ಹತ್ತಿರದಿಂದ ನೋಡಿದರೆ ಎಡ ಮುಂಗೈಯ ನರ ಸಣ್ಣಗೆ ನಡುಗುತ್ತಿತ್ತು, ಎರಡೂ ಕೈ ಇನ್ನೂ ಎರಡು ಕಡೆಗೆ ಹಿಗ್ಗುತ್ತಲೇ ಇದ್ದವು. ಬಾಣ ಹೋಯಿತು. ಬಿಲ್ಲು ಕೈಯೊಳಗೇ ಗಿರ್ರನೆ ತಿರುಗಿ ಹೆದೆ ಮುಂಗೈಯ ಹೊರಬದಿಗೆ ಬಂತು. ಬಾಣ ಗುರಿಯ ಪಕ್ಕದ ಮರಳಿಗೆ ಹೋಗಿ ನೆಟ್ಟಿತ್ತು. ಆಕೆ ಮುಖದಲ್ಲಿ ಏನೂ ಬದಲಾಗಲಿಲ್ಲ. ಕೈ ಚಾಚಿಕೊಂಡೇ ಒಂದೆರಡು ಉಸಿರು ನಿಂತು ಆಮೇಲೆ ಇಳಿಸಿದರು. ಹೀಗೆ ನಿಲ್ಲುವುದೂ ಪಾಠದ ಭಾಗವೇ, ಎಂಟು ಹಂತಗಳಲ್ಲಿ ಕೊನೆಯದು.

ಎಳೆದು ನಿಂತಾಗ ಮನಸ್ಸಿನಲ್ಲಿ ಏನಿರುತ್ತದೆ ಅಂತ ಗೆಳೆಯನ ಮೂಲಕ ಕೇಳಿಸಿದೆ. ಆಕೆ ನಕ್ಕರು. ಹೊರದೇಶದವರೆಲ್ಲ ಇದನ್ನೇ ಕೇಳುತ್ತಾರಂತೆ. "ಎಡಗೈ ಹಿಡಿತ ಸರಿ ಇದೆಯಾ ಅಂತ ನೋಡ್ತಾ ಇರ್ತೀನಿ, ಇಪ್ಪತ್ತು ವರ್ಷದಿಂದ ಅದೇ" ಅಂದರು.

ಹೊರದೇಶದವರು ಹೀಗೆ ಕೇಳುವುದಕ್ಕೆ ಕಾರಣ ಬಹುಮಟ್ಟಿಗೆ ಒಬ್ಬ ಜರ್ಮನ್ ಮೇಷ್ಟ್ರು. ಆಯ್ಗನ್ ಹೆರಿಗೆಲ್ 1924ರಿಂದ 1929ರವರೆಗೆ ಸೆಂಡಾಯ್‌ನಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತಾ ಅವಾ ಕೆಂಜೊ ಅವರ ಹತ್ತಿರ ಬಿಲ್ವಿದ್ಯೆ ಕಲಿತರು. ಅವಾ ಒಂದು ರಾತ್ರಿ ಕತ್ತಲಲ್ಲಿ ಎರಡು ಬಾಣ ಬಿಟ್ಟರು, ಎರಡನೆಯದು ಮೊದಲನೆಯದನ್ನೇ ಸೀಳಿತು ಅಂತ ಹೆರಿಗೆಲ್ ಬಿಲ್ಲನ್ನೂ ಝೆನ್ನನ್ನೂ ಕೂಡಿಸಿ ಬರೆದದ್ದು ಲೋಕಪ್ರಸಿದ್ಧ. ಅದು ಆಕಸ್ಮಿಕ ಅಂತ ಅವಾ ಇನ್ನೊಬ್ಬ ಶಿಷ್ಯರಿಗೆ ಹೇಳಿದ್ದರಂತೆ. ಅದು ಅಷ್ಟಾಗಿ ಪ್ರಸಿದ್ಧವಾಗಲಿಲ್ಲ. ಅವಾ ಝೆನ್ ಮಠದಲ್ಲಿ ಕಲಿತವರೂ ಅಲ್ಲ. ಇದನ್ನು ಹಿಡಿದು ಬಿಲ್ಲಿಗೂ ಝೆನ್‌ಗೂ ಸಂಬಂಧವೇ ಇಲ್ಲ ಅನ್ನುವವರೂ ಇದ್ದಾರೆ. ನನಗೆ ಅದೂ ಅತಿ ಅನ್ನಿಸುತ್ತದೆ. ಎಡಗೈಯನ್ನು ಇಪ್ಪತ್ತು ವರ್ಷ ನೋಡುತ್ತಾ ಇರುವುದು ಉಸಿರು ಎಣಿಸುವುದಕ್ಕಿಂತ ಬೇರೆ ಏನಲ್ಲ.

ಸಂಜೆ ಹಳಿ ದಾಟಿ ತೋಕೆಇಜಿಗೆ ಹೋದೆವು. ತೊಕಿಮುನೆ ಸತ್ತ ಮೇಲೆ ಅವನ ಹೆಂಡತಿ ಸನ್ಯಾಸ ತಗೊಂಡು 1285ರಲ್ಲಿ ಕಟ್ಟಿಸಿದ ಮಠ. ಗಂಡನ ಕಾಟ ತಾಳಲಾರದೆ ಓಡಿಬಂದ ಹೆಂಗಸರಿಗೆ ಇಲ್ಲಿ ಆಶ್ರಯ ಸಿಗುತ್ತಿತ್ತು, ಮದುವೆಯಿಂದ ಬಿಡುಗಡೆಯೂ. ಕತ್ತಿಯ ಕಥೆಗಳ ನಡುವೆ ಇದೊಂದು ಬೇರೆಯೇ ಪ್ರಪಂಚ, ಇನ್ನೊಮ್ಮೆ ಬರೆಯಬೇಕು. ಹಿಂದಿನ ಸ್ಮಶಾನದಲ್ಲಿ ಡಿ.ಟಿ. ಸುಜುಕಿ ಸಮಾಧಿ ಇದೆ. ಝೆನ್ ಮತ್ತು ಕತ್ತಿ ಎರಡನ್ನೂ ಕೂಡಿಸಿ ಪಶ್ಚಿಮದವರಿಗೆ ಹೇಳಿದವರು ಇವರೇ, ಕಲಿತದ್ದು ಎಂಗಾಕುಜಿಯಲ್ಲಿ.

ಹೋಗುವವರಿಗೆ ಒಂದೇ ಮಾತು. ಜೀನ್ಸ್ ಹಾಕಿಕೊಂಡು ಹೋಗಬೇಡಿ, ಮಂಡಿ ಮಡಚೋಕೆ ಆಗಲ್ಲ. ಸಡಿಲ ಪ್ಯಾಂಟು ಇರಲಿ. ಮತ್ತೆ ಬಿಲ್ಲುಗಾರರು ಹೆದೆ ಎಳೆದಾಗ ಕ್ಯಾಮೆರಾ ಕ್ಲಿಕ್ ಅನ್ನಿಸಬೇಡಿ. ಅವರಿಗೆ ಅದೇನೂ ತೊಂದರೆ ಆಗಲಿಕ್ಕಿಲ್ಲ, ಆದರೆ ಪಕ್ಕದಲ್ಲಿ ನಿಂತ ಅಜ್ಜ ಗುರಾಯಿಸುತ್ತಾರೆ.