ಅರಿ ಹಾಕಿದ ಮೇಲೆ ಬಂದ ಮಳೆ

ಮೂರು ದಿನದಿಂದ ಸೋನೆ ನಿಂತಿಲ್ಲ. ಮಂಡ್ಯದಲ್ಲಿರುವ ನಮಗೆ ಸಮುದ್ರ ದೂರದ ಮಾತು. ಆದರೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಗದ್ದೆಯಲ್ಲಿ ನೀರು ನಿಲ್ಲುತ್ತದೆ.

ಭತ್ತ ಕುಯ್ದು ಅರಿ ಹಾಕಿದ್ದೆವು, ಅಂದರೆ ಕುಯ್ದ ಪೈರನ್ನು ಒಣಗಲು ಗದ್ದೆಯಲ್ಲೇ ಹರಡಿದ್ದೆವು. ಬೆಳಿಗ್ಗೆ ಅಪ್ಪ ಕೊಡೆ ಹಿಡಿದು ಹೋಗಿ ಒಂದು ತೆನೆ ತಂದು ನನ್ನ ಕೈಗಿಟ್ಟರು. ಕಾಳಿನ ತುದಿಯಲ್ಲಿ ಬಿಳಿ ಮೊಳಕೆ, ಸೂಜಿ ಮೊನೆಯಷ್ಟು. "ನಾಳೆನೂ ಹಿಂಗೇ ಹೊಯ್ದರೆ ಹುಲ್ಲೂ ಕೈಗೆ ಸಿಗಲ್ಲ ಕಣಪ್ಪ" ಅಂದರು.

ಟೀ ಅಂಗಡಿಯಲ್ಲಿ ಒಬ್ಬರು, "ಸಣ್ಣ ಸೈಕ್ಲೋನ್ ಬಿಡಿ, ಏನಾಗಲ್ಲ" ಅಂತಿದ್ದರು. ಆ ಮಾತು ಕೇಳಿ ಸಂಕಟ ಆಯ್ತು. ಸಣ್ಣದು, ದೊಡ್ಡದು ಅನ್ನೋದು ಗಾಳಿಯ ವೇಗದ ಲೆಕ್ಕ. ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಸೇರಿದ ಫೆಂಗಲ್ ಚಂಡಮಾರುತ ಕೂಡ ಆ ಲೆಕ್ಕದಲ್ಲಿ ಕೆಳಗಿನ ಮೆಟ್ಟಿಲಿನದೇ. ಆದರೆ ಅದು ಮುಂದೆ ಸಾಗದೆ ಗಂಟೆಗಟ್ಟಲೆ ಅಲ್ಲೇ ನಿಂತುಬಿಟ್ಟಿತು. ನಿಂತಷ್ಟು ಹೊತ್ತೂ ಸಮುದ್ರದ ತೇವ ಎಳೆದು ಅಲ್ಲೇ ಸುರಿಯಿತು. ಪುದುಚೇರಿಯಲ್ಲಿ ಒಂದೇ ದಿನಕ್ಕೆ 48 ಸೆಂ.ಮೀ.ಗೂ ಜಾಸ್ತಿ ಮಳೆ! ಕಡಲಿನಿಂದ ಅಷ್ಟು ದೂರದ ತಿರುವಣ್ಣಾಮಲೈಯಲ್ಲಿ ಗುಡ್ಡ ಜರಿದು ಮನೆ ಮೇಲೆ ಬಿತ್ತು. ಮಕ್ಕಳೂ ಸೇರಿ 7 ಜನ ಹೋದರು. ಅವರನ್ನು ಕೊಂದಿದ್ದು ಗಾಳಿಯಲ್ಲ, ಮಳೆ. ಅದಕ್ಕೇ ಗಾಳಿ ಎಷ್ಟು ಅಂತ ಕೇಳೋ ಮೊದಲು ಎಷ್ಟು ಮಳೆ, ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೇಳಬೇಕು, ಅಲ್ವಾ?

ಈಗ ಚಿಕ್ಕಪ್ಪನ ಮನೆಯಿಂದ ಟಾರ್ಪಾಲ್ ಬಂತು. ಸ್ವಲ್ಪ ಹೊಳವಾಗಿದೆ. ಬದುವಿನ ಮೇಲಕ್ಕೆ ಎಷ್ಟು ಅರಿ ಎತ್ತೋಕಾಗುತ್ತೋ ಅಷ್ಟು ಎತ್ತಿ ಬರುತ್ತೇವೆ.